ಪಾಸ್ ಕೈತಪ್ಪಿದ್ರೆ ತಪ್ಪು ಯಾರ ಖಾತೆಗೆ?

ಇವತ್ತಿನ ಫುಟ್‌ಬಾಲ್ ಕಾಲಲ್ಲಿ ಒದೆಯೋದಲ್ಲ, ಅಮೆರಿಕದ ಎನ್‌ಎಫ್‌ಎಲ್. ಅಲ್ಲಿ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೀತಾನೆ, ರಿಸೀವರ್ ಓಡಿಹೋಗಿ ಹಿಡೀತಾನೆ. ಒಂದು ತಂಡದ ಈ ಪಾಸಿಂಗ್ ಆಟ ಚೆನ್ನಾಗಿದೆಯಾ ಇಲ್ವಾ ಅಂತ ಅಳೆಯೋದು ಹೇಗೆ?

2022ರ ಮಾರ್ಚ್‌ನಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್ ತಂಡ ತನ್ನ ಅತಿ ವೇಗದ ರಿಸೀವರ್ ಟೈರೀಕ್ ಹಿಲ್‌ನನ್ನು ಐದು ಡ್ರಾಫ್ಟ್ ಪಿಕ್‌ಗಳಿಗೆ ಮಯಾಮಿ ಡಾಲ್ಫಿನ್ಸ್‌ಗೆ ಬಿಟ್ಟುಕೊಟ್ಟಿತು. ಹಿಂದಿನ ಸೀಸನ್‌ನಲ್ಲಿ ಆತ 111 ಕ್ಯಾಚ್ ಹಿಡಿದು 1,239 ಯಾರ್ಡ್ ಗಳಿಸಿದ್ದ. "ಚೀಫ್ಸ್ ಕಥೆ ಮುಗೀತು" ಅಂತ ನಾನು ಗೆಳೆಯರ ಮುಂದೆ ದೊಡ್ಡದಾಗಿ ಹೇಳಿಬಿಟ್ಟೆ.

ಆಗಿದ್ದೇನು? ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ 4,839 ಯಾರ್ಡ್‌ನಿಂದ 5,250ಕ್ಕೆ ಏರಿದ, ಎಂವಿಪಿ ಆದ. ತಂಡ ಸೂಪರ್ ಬೌಲ್ ಗೆದ್ದಿತು. ಅತ್ತ ಮಯಾಮಿಯಲ್ಲಿ ಹಿಲ್ ಕೂಡ 1,710 ಯಾರ್ಡ್ ಹೊಡೆದ. ನನ್ನ ಭವಿಷ್ಯ ಎರಡೂ ಕಡೆ ಸುಳ್ಳಾಯ್ತು. ಅವತ್ತಿಂದ ನಾನು ಲೆಕ್ಕ ನೋಡೋ ರೀತಿನೇ ಬದಲಾಯಿಸಿಕೊಂಡೆ.

ಮೊದಲನೇದು, ಒಟ್ಟು ಯಾರ್ಡ್ ನೋಡಿ ಮರುಳಾಗಬೇಡಿ. ನಾನು ಬಿ.ಕಾಂ. ಓದಿದವನು, ಅದಕ್ಕೇ ಹೀಗೆ ಹೇಳ್ತೀನಿ: ಒಟ್ಟು ಯಾರ್ಡ್ ಅಂದ್ರೆ ವಹಿವಾಟು, ಲಾಭ ಅಲ್ಲ. ಪ್ರತಿ ಎಸೆತಕ್ಕೆ ಎಷ್ಟು ಯಾರ್ಡ್ ಬಂತು ಅಂತ ಕೇಳಿ. ಮಹೋಮ್ಸ್‌ದು 2021ರಲ್ಲಿ 7.4, ಹಿಲ್ ಇಲ್ಲದ 2022ರಲ್ಲಿ 8.1, 2023ರಲ್ಲಿ 7.0.

ಎರಡನೇದು, ಚೆಂಡು ಯಾರ್ಯಾರಿಗೆ ಹೋಗ್ತಿದೆ? 2022ರಲ್ಲಿ ಟೈಟ್ ಎಂಡ್ ಟ್ರಾವಿಸ್ ಕೆಲ್ಸಿ 1,338 ಯಾರ್ಡ್, ಅವನ ನಂತರ ಜೂಜೂ ಸ್ಮಿತ್-ಶುಸ್ಟರ್ 933. ಒಬ್ಬನೇ ಗಿರಾಕಿಯನ್ನು ನಂಬಿಕೊಂಡ ಅಂಗಡಿ ಇದ್ದಹಾಗೆ: ಅವನು ಬರದ ದಿನ ಏನಾಗುತ್ತೆ?

ಉತ್ತರ 2023ರ ಮೊದಲ ಪಂದ್ಯದಲ್ಲೇ ಸಿಕ್ತು. ನಮಗೆ ಶುಕ್ರವಾರ ಬೆಳಗ್ಗೆ. ಮಂಡಿ ನೋವಿನಿಂದ ಕೆಲ್ಸಿ ಆಡಲಿಲ್ಲ. ಮಹೋಮ್ಸ್ ಎಸೆದ ಚೆಂಡು ಕಡೇರಿಯಸ್ ಟೋನಿಯ ಕೈಗೆ ಬಡಿದು ಚಿಮ್ಮಿತು. ಡೆಟ್ರಾಯಿಟ್ ಲಯನ್ಸ್‌ನ ಬ್ರಯಾನ್ ಬ್ರಾಂಚ್ ಅದನ್ನು ಹಿಡಿದು ಓಡಿ ಟಚ್‌ಡೌನ್ ಮಾಡಿದ. ಚೀಫ್ಸ್ ಸೋತಿದ್ದು 21–20ರಿಂದ, ಒಂದೇ ಒಂದು ಅಂಕ!

ಇಲ್ಲೇ ಮೂರನೇ ಪಾಠ. ಆ ಇಂಟರ್‌ಸೆಪ್ಷನ್ ದಾಖಲಾಗಿದ್ದು ಮಹೋಮ್ಸ್ ಹೆಸರಿಗೆ. ಕ್ರಿಕೆಟ್‌ನಲ್ಲಿ ಸ್ಲಿಪ್‌ನವನು ಕ್ಯಾಚ್ ಬಿಟ್ಟರೂ ಆಮೇಲೆ ಬರೋ ರನ್ ಬೌಲರ್ ಲೆಕ್ಕಕ್ಕೇ ಹೋಗುತ್ತಲ್ಲ, ಹಾಗೆ. ಉಲ್ಟಾನೂ ಆಗುತ್ತೆ: ಐದು ಯಾರ್ಡ್ ದೂರದ ಸುಲಭ ಪಾಸ್ ಹಿಡಿದು ರಿಸೀವರ್ 40 ಯಾರ್ಡ್ ಓಡಿದರೆ, ಪೂರ್ತಿ 45 ಯಾರ್ಡ್ ಕ್ವಾರ್ಟರ್‌ಬ್ಯಾಕ್ ಲೆಕ್ಕಕ್ಕೂ ಸೇರುತ್ತೆ. ಅದಕ್ಕೇ ಡ್ರಾಪ್ ಎಷ್ಟು, ಹಿಡಿದ ಮೇಲೆ ಓಡಿದ್ದೆಷ್ಟು ಅಂತ ಬೇರೆ ಬೇರೆ ನೋಡಬೇಕು.

ಮುಂದಿನ ಸಲ ಪಂದ್ಯ ನೋಡುವಾಗ ರಿಪ್ಲೇಯಲ್ಲಿ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಎಸೆಯೋಕೆ ಟೈಮ್ ಸಿಕ್ತಾ? ರಿಸೀವರ್ ಎದುರಾಳಿಯಿಂದ ಬಿಡಿಸಿಕೊಂಡಿದ್ನಾ? ಚೆಂಡು ಕೈಗೆ ಎಟುಕೋ ಹಾಗೆ ಬಂತಾ? ಬಂದಿದ್ದನ್ನ ಹಿಡಿದ್ನಾ? ಮೊದಲನೆಯದಕ್ಕೆ 'ಇಲ್ಲ' ಅಂದ್ರೆ ತಪ್ಪು ಬಹುಪಾಲು ಮುಂದಿನ ಸಾಲಿನ ಬ್ಲಾಕರ್‌ಗಳದ್ದು, ಕೊನೆಯದಕ್ಕೆ 'ಇಲ್ಲ' ಅಂದ್ರೆ ರಿಸೀವರ್‌ದು.

ಅಂದಹಾಗೆ, ಅಷ್ಟು ಬೈಸಿಕೊಂಡ ಅದೇ ಚೀಫ್ಸ್ ಆ ಸೀಸನ್‌ನಲ್ಲೂ ಸೂಪರ್ ಬೌಲ್ ಗೆದ್ದಿತು. ಓವರ್‌ಟೈಮ್‌ನಲ್ಲಿ, ಮೆಕೋಲ್ ಹಾರ್ಡ್‌ಮನ್ ಹಿಡಿದ ಮೂರು ಯಾರ್ಡ್‌ನ ಪಾಸ್‌ನಿಂದ, 25–22. ಈ ಸಲ ನಾನು ಯಾರ ಮುಂದೆಯೂ ಭವಿಷ್ಯ ಹೇಳಿರಲಿಲ್ಲ, ಬಚಾವಾದೆ! ಮತ್ತೆ ಸಿಗೋಣ.