ಬೇಚಿರಾಕ್ ಎಂಬ ಮಾತು

ಯಲಹಂಕ, ಹೆಬ್ಬಾಳ, ಯಶವಂತಪುರದ ಸುತ್ತಮುತ್ತ ನಿವೇಶನ ಕೊಳ್ಳಹೊರಟು ಜಮೀನಿನ ಹಳೆಯ ಪತ್ರಗಳನ್ನು ತಿರುವಿಹಾಕಿದವರು ಊರೊಂದರ ಹೆಸರಿನ ಮಗ್ಗುಲಲ್ಲಿ ‘ಬೇಚಿರಾಕ್’ ಎಂದು ಬರೆದಿರುವುದನ್ನು ಕಂಡಿರಬಹುದು. ಅದು ಗ್ರಾಮದೇವತೆಯ ಹೆಸರೋ, ಪಕ್ಕದ ಹಳ್ಳಿಯ ಹೆಸರೋ ಎಂದು ತಿಳಿಯುವವರುಂಟು. ಎರಡೂ ಅಲ್ಲ.

ಮಾತು ಪಾರಸಿಯದು. ‘ಬೇ’ ಎಂದರೆ ಇಲ್ಲದ, ‘ಚಿರಾಗ್’ ಎಂದರೆ ದೀಪ. ಶಾನುಭೋಗರ ಲೇಖನಿಯಲ್ಲಿ ಕೊನೆಯ ಗಕಾರ ಕಕಾರವಾಯಿತು. ಜನವಸತಿಯಿಲ್ಲದ ಗ್ರಾಮವೆಂಬುದು ಇದಕ್ಕೆ ಕಂದಾಯದವರ ಅರ್ಥ. 1638ರಲ್ಲಿ ಬೆಂಗಳೂರು ವಿಜಾಪುರದವರ ಕೈಸೇರಿದಂದಿನಿಂದ ಟಿಪ್ಪುವಿನ ಆಳಿಕೆಯವರೆಗೆ ಇಂಥ ಮಾತುಗಳು ನಮ್ಮ ಕಡತಗಳೊಳಗೆ ಧಾರಾಳವಾಗಿ ಬಂದು ಸೇರಿದುವು. ಜಮೀನು, ತಹಸೀಲ್ದಾರ, ಬೇನಾಮಿ ಎಲ್ಲವೂ ಅದೇ ನೆಂಟಸ್ತಿಕೆಯವು.

ಪದ ಪರಭಾಷೆಯದಾದರೂ ಭಾವ ನಮಗೆ ಹೊಸದಲ್ಲ. ವಂಶ ನಿಂತುಹೋದ ಮನೆಯನ್ನು ಕುರಿತು ನಮ್ಮ ಹೆಂಗಸರು ಇಂದಿಗೂ ‘ದೀಪ ಹಚ್ಚುವವರೂ ಇಲ್ಲದಂತಾಯಿತು’ ಎಂದು ಮರುಗುವುದನ್ನು ತಾವು ಕೇಳಿಲ್ಲವೇ? ಸಂಜೆ ದಾರಿಹೋಕನು ದೂರದಿಂದ ನೋಡುತ್ತಾನೆ. ಬೆಳಕು ಕಂಡರೆ ಊರು, ಕಾಣದಿದ್ದರೆ ಬೇಚಿರಾಕ್. ಕಂದಾಯದ ಶುಷ್ಕ ಪಟ್ಟಿಯೊಳಗೆ ಇಂಥ ಕವಿಸಮಯವೊಂದು ಹೇಗೋ ನುಸುಳಿಬಿಟ್ಟಿದೆ.

ಇಂಗ್ಲಿಷಿನವರು ‘ಫಾರ್ಲಾರ್ನ್’ ಎಂದು ಒಂದು ಹಳೆಯ ಮಾತನ್ನು ಆಡುತ್ತಾರೆ. ತೊರೆಯಲ್ಪಟ್ಟ, ದಿಕ್ಕಿಲ್ಲದ ಎಂದು ಅರ್ಥ. ಅದರ ಬೇರು ‘ಕಳೆದುಕೊಳ್ಳು’ ಎಂಬ ಧಾತುವಿನಲ್ಲಿದೆ. ಜರ್ಮನರ ‘ಫೆರ್‌ಲೋರೆನ್’ ಅದರ ಸೋದರ ಶಬ್ದ. ಅಲ್ಲಿ ಕಳೆದುಹೋದದ್ದರ ಲೆಕ್ಕ, ಇಲ್ಲಿ ಆರಿಹೋದದ್ದರ ಲೆಕ್ಕ.

ಅಚ್ಚಗನ್ನಡದಲ್ಲಿ ಇದಕ್ಕೆ ‘ಹಾಳು’ ಎಂಬ ಮಾತಿದೆ. ಹಳಗನ್ನಡದಲ್ಲಿ ಅದು ‘ಪಾೞ್’. ಪಕಾರವು ಹಕಾರವಾದುದಕ್ಕೆ ದೂರ ಹೋಗಬೇಕಾಗಿಲ್ಲ. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ, ಕ್ರಿ. ಶ. 750ರ ಸುಮಾರಿನ ಕಿತ್ತಯ್ಯನ ವೀರಗಲ್ಲು ಆ ಸೀಮೆಯನ್ನು ‘ಪೆರ್ಬೊಳಲ್ ನಾಡು’ ಎನ್ನುತ್ತದೆ. ಹಿರಿಯ ಪೊಳಲು, ಅಂದರೆ ದೊಡ್ಡ ಪಟ್ಟಣ. ಅದೇ ಇಂದಿನ ಹೆಬ್ಬಾಳ. ಹಾಗೆಯೇ ಪಾೞ್ ಹಾಳಾಯಿತು. ವಿಚಿತ್ರವೆಂದರೆ ಹಳೆಯ ರೂಪವೂ ಅಳಿಯಲಿಲ್ಲ. ‘ಪಾಳುಬಿದ್ದ ಗುಡಿ’ ಎಂದು ಈಗಲೂ ಅನ್ನುತ್ತೇವೆ. ಒಂದು ಎಚ್ಚರಿಕೆ ಮಾತ್ರ ಬೇಕು. ಹಳೇಬೀಡನ್ನು ‘ಹಾಳಾದ ಬೀಡು’ ಎಂದು ಬಿಡಿಸುವುದು ವಾಡಿಕೆಯಾಗಿದೆ. ‘ಹಳೆ’ ಎಂಬುದು ‘ಪೞೆ’ಯಿಂದ ಬಂದದ್ದು, ಪ್ರಾಚೀನವೆಂದರ್ಥ, ಅದು ಹಾಳಿನ ಮಗಳಲ್ಲ. ದೋರಸಮುದ್ರವು ಹಾಳಾದದ್ದು ನಿಜ, ಆದರೆ ಹೆಸರು ಅದನ್ನು ಹೇಳುವುದಿಲ್ಲ.

ಊರುಗಳು ಏಕೆ ದೀಪ ಕಳೆದುಕೊಂಡವು? ಕೆರೆ ಒಡೆದು, ದಂಡು ಹಾಯ್ದು, ಮಾರಿ ಬಡಿದು. 1876-78ರ ಧಾತು-ಈಶ್ವರ ಸಂವತ್ಸರಗಳ ಬರವೊಂದನ್ನೇ ನೋಡಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 50 ಲಕ್ಷ ಜನರಿದ್ದರು. 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಉಳಿದವರು ಪಕ್ಕದ ಊರು ಸೇರಿ, ಹಗಲು ಬಂದು ಹಳೆಯ ಹೊಲವನ್ನೇ ಉತ್ತರು.

ಇಲ್ಲಿಯೇ ಅರ್ಥವನ್ನು ಸರಿಯಾಗಿ ತಿಳಿಯಬೇಕಾದುದು. ಬೇಚಿರಾಕ್ ಬೇರೆ, ಬೇವಾರಸಿ ಬೇರೆ. ಬೇವಾರಸಿಗೆ ವಾರಸುದಾರನಿಲ್ಲ. ಬೇಚಿರಾಕ್ ಗ್ರಾಮಕ್ಕೆ ಎಲ್ಲೆಕಟ್ಟು ಉಂಟು, ಸರ್ವೆ ನಂಬರುಗಳುಂಟು, ಹೊಲಗಳಿಗೆ ಒಡೆಯರುಂಟು. ಮನೆಯಲ್ಲಿ ಒಲೆ ಹೊತ್ತಿಸಿ ವಾಸಿಸುವವರು ಮಾತ್ರ ಇಲ್ಲ. ‘ಊರೇ ಇಲ್ಲವಲ್ಲ, ಕೇಳುವವರಾರು’ ಎಂದು ಯಾರಾದರೂ ನಂಬಿಸಿದರೆ ತಾವು ನಂಬಬೇಡಿ. ಕಂದಾಯ ದಾಖಲೆಯನ್ನು ಮೂಲದಿಂದ ನೋಡಿಸಿಕೊಳ್ಳಿ.

ಸಾಧ್ಯವಾದರೆ ಆ ಕಡೆಯ ಹಿರಿಯರನ್ನು ‘ಹಾಳೂರು ಎಲ್ಲಿತ್ತು?’ ಎಂದೂ ಕೇಳಿ. ಬೇಚಿರಾಕ್ ಎಂದರೆ ಅವರಿಗೆ ತಿಳಿಯದೆ ಹೋಗಬಹುದು, ಹಾಳೂರೆಂದರೆ ತಿಳಿಯುತ್ತದೆ. ಸಾಮಾನ್ಯವಾಗಿ ಒಂದು ದಿಬ್ಬ, ಮಡಕೆಯ ಚೂರು, ಹುಣಿಸೆಯ ಮರ, ಮುರುಕು ಆಂಜನೇಯನ ಗುಡಿ, ಅದರ ಬದಿಗೆ ಒರಗಿದ ಒಂದು ವೀರಗಲ್ಲು. ವರ್ಷಕ್ಕೊಮ್ಮೆ ಪಕ್ಕದ ಊರಿನವರು ಎಣ್ಣೆ ತಂದು ಅಲ್ಲಿ ದೀಪ ಹಚ್ಚಿ ಹೋಗುವುದೂ ಉಂಟು.