ತಲೆಗೆ ಬಿಗಿದ ಪಟಗ

“ಮುತ್ಯಾ, ನಿನ್ನ ಪಟಗಾ ಯಾರೋ ನನ್ನ ತಲಿಗೆ ಗಟ್ಟಿ ಬಿಗದಂಗ ಆಗೈತಿ ನೋಡು.”

ಒಂಬತ್ತನೇ ತರಗತಿ ಓದುವ ಮೊಮ್ಮಗಳು ಹೀಗೆಂದಾಗ ನಾನು ನಕ್ಕುಬಿಟ್ಟೆ. ಮರುದಿನ ಅವಳಿಗೆ ಗಣಿತದ ಟೆಸ್ಟ್ ಇತ್ತು. ಇಬ್ರಾಹಿಂಪುರದ ನಮ್ಮ ಓಣಿಯಲ್ಲಿ ತಲೆನೋವು, ಹೊಟ್ಟೆನೋವು ಎರಡೂ ಸಾಲಿ ತಪ್ಪಿಸುವ ಹಳೆಯ ಉಪಾಯಗಳು. ಚಿಕ್ಕಂದಿನಲ್ಲಿ ನಾನೂ ಬಳಸಿದ್ದೇನೆ. “ಒಂದು ಕಪ್ ಚಾ ಕುಡಿ, ಹೋಗತೈತಿ” ಎಂದೆ. ಅವಳ ಆಯಿ ಉಪ್ಪು, ಮೆಣಸಿನಕಾಯಿ ಇಳಿ ತೆಗೆದು ಬೆಂಕಿಗೆ ಹಾಕಿದಳು. ಮನೆಯವರೆಲ್ಲ ಕೆಮ್ಮಿದೆವು. “ಘಾಟು ಬಂತಲ್ಲ, ಇದು ದೃಷ್ಟಿ ಅಲ್ಲ ಬಿಡ್ರಿ” ಎಂದು ಆಕೆಯೇ ತೀರ್ಪು ಕೊಟ್ಟಳು. ಅಲ್ಲಿಗೆ ನಮ್ಮ ಮನೆಯ ವೈದ್ಯ ಮುಗಿಯಿತು.

ಮೂರು ವಾರದ ಮೇಲೆ ಪೆನ್ಸಿಲ್ ಹುಡುಕುತ್ತ ಅವಳ ಕಂಪಾಸ್ ಪೆಟ್ಟಿಗೆ ತೆಗೆದೆ. ಒಳಗೆ ನೋವಿನ ಗುಳಿಗೆಯ ಎರಡು ಖಾಲಿ ಪಟ್ಟಿಗಳಿದ್ದವು. ತಿಂಡಿಯ ರೊಕ್ಕ ಉಳಿಸಿ ತಾನೇ ತಂದು ನುಂಗುತ್ತಿದ್ದಳು. ಯಾಕವ್ವಾ ಹೇಳಲಿಲ್ಲ ಎಂದರೆ, “ನೀ ನಗತೀ ಅಂತ” ಎಂದಳು.

ಅದೇ ಸಂಜೆ ಇಬ್ಬರೂ ವೈದ್ಯರ ಬಳಿ ಹೋದೆವು. ಸ್ಕ್ಯಾನ್ ಗೀನ್ ಎನ್ನುತ್ತಾರೆಂದು ನಾನು ಹೆದರಿದ್ದೆ. ಅವರು ಬಿ.ಪಿ. ನೋಡಿದರು, ಕಣ್ಣಿನ ಒಳಗೆ ದೀಪ ಬಿಟ್ಟು ನೋಡಿದರು, ನಡೆಸಿದರು, ಕುತ್ತಿಗೆ ಒತ್ತಿದರು. ಉಳಿದ ಹೊತ್ತೆಲ್ಲ ಬರೀ ಪ್ರಶ್ನೆ ಕೇಳಿದರು.

ನೋವು ಒಂದು ಮಗ್ಗುಲಿಗೋ ಎರಡೂ ಕಡೆಗೋ? ಎರಡೂ ಕಡೆ, ಹಣೆಯಿಂದ ಹಿಂದಲೆಯವರೆಗೆ. ನಾಡಿ ಬಡಿದಂತೆ ಬಡಿಯುತ್ತದೋ, ಒತ್ತಿ ಹಿಡಿದಂತೆ ಇರುತ್ತದೋ? ಒತ್ತಿ ಹಿಡಿದಂತೆ. ವಾಂತಿ? ಇಲ್ಲ. ಆಮೇಲೆ ಒಂದು ಚೆಂದದ ಪ್ರಶ್ನೆ ಕೇಳಿದರು: “ತಲಿನೋವು ಇದ್ದಾಗ ಗೋಳಗುಮ್ಮಟದ ಮೆಟ್ಟಲಾ ಹತ್ತು ಅಂದ್ರ ಹತ್ತತೀಯೇನು?”

ಅವಳು ಸ್ವಲ್ಪ ಯೋಚಿಸಿ, “ಹತ್ತತೀನ್ರಿ. ಮನಸ್ಸಿರೂದಿಲ್ಲ, ಆದರ ನೋವೇನು ಹೆಚ್ಚಾಗೂದಿಲ್ಲ” ಎಂದಳು.

ವೈದ್ಯರಿಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಮೈಗ್ರೇನ್ ಇದ್ದವರಿಗೆ ಮೆಟ್ಟಿಲು ಹತ್ತಿದರೆ ನೋವು ಏರುತ್ತದೆ. ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಹುಡುಗರು ಕೂಗಿದ್ದು ಮತ್ತೆ ಮತ್ತೆ ಮೊಳಗಿದರಂತೂ ಅವರು ಕಿವಿ ಮುಚ್ಚಿ ಕುಳಿತುಬಿಡುತ್ತಾರೆ. ಬೆಳಕೂ ಬೇಡ, ಸದ್ದೂ ಬೇಡ, ಹೊಟ್ಟೆ ತೊಳಸುತ್ತದೆ, ಕತ್ತಲ ಕೋಣೆ ಬೇಕು. ದೊಡ್ಡವರಲ್ಲಿ ಹೆಚ್ಚಾಗಿ ಅದು ಒಂದೇ ಕಡೆ ಬಡಿಯುತ್ತದೆ; ಮಕ್ಕಳಲ್ಲಿ ಎರಡೂ ಕಡೆ ಬರಬಹುದು. ಹಾಗಾಗಿ ಎರಡೂ ಕಡೆ ನೋವು ಎಂಬುದೊಂದನ್ನೇ ನಂಬಿ ಕೂರುವಂತಿಲ್ಲ.

ನಮ್ಮ ಹುಡುಗಿಯದು ಟೆನ್ಷನ್ ತಲೆನೋವು. ಸುತ್ತಲೂ ಬಿಗಿತ, ಸಿಂಬಿ ಇಲ್ಲದೆ ಕೊಡ ಹೊತ್ತಂತೆ ಭಾರ, ಕುತ್ತಿಗೆ ಹೆಗಲಲ್ಲಿ ಮುಟ್ಟಿದರೆ ನೋವು. ಅರ್ಧ ಗಂಟೆಯಲ್ಲಿ ಹೋಗಬಹುದು, ಏಳು ದಿನ ಇರಲೂಬಹುದು. ಹೆಸರಲ್ಲಿ ‘ಟೆನ್ಷನ್’ ಇದೆ ಎಂದು ಬರೀ ಮನಸ್ಸಿನ ಚಿಂತೆಯೇ ಕಾರಣ ಎನ್ನುವಂತಿಲ್ಲ. ಊಟ ತಪ್ಪಿದರೂ, ನಿದ್ದೆಗೆಟ್ಟರೂ, ಬಗ್ಗಿ ಕೂತು ಓದಿದರೂ ಬರುತ್ತದೆ. ನೆಪವಂತೂ ಅಲ್ಲವೇ ಅಲ್ಲ.

ಇದು ಅಪರೂಪದ್ದೂ ಅಲ್ಲ. 2009–10ರಲ್ಲಿ ನಿಮ್ಹಾನ್ಸ್ ಸಂಶೋಧಕರ ತಂಡ ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 18ರಿಂದ 65 ವರ್ಷದ 2,329 ಜನರನ್ನು ವಿಚಾರಿಸಿತ್ತು. ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿಗೆ ಹಿಂದಿನ ಒಂದು ವರ್ಷದಲ್ಲಿ ತಲೆನೋವು ಬಂದಿತ್ತು. ಟೆನ್ಷನ್ ತಲೆನೋವಿನವರೇ ನೂರಕ್ಕೆ ಸುಮಾರು 35.

ವೈದ್ಯರು ನಿಜವಾಗಿ ಬೇಸರ ಮಾಡಿಕೊಂಡದ್ದು ಆ ಖಾಲಿ ಪಟ್ಟಿಗಳನ್ನು ನೋಡಿ. ಪ್ಯಾರಾಸಿಟಮಾಲ್‌ನಂಥ ಸಾದಾ ಗುಳಿಗೆಯನ್ನೇ ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮೂರು ತಿಂಗಳು ಮೀರಿ ನುಂಗಿದರೆ ಗುಳಿಗೆಯಿಂದಲೇ ತಲೆನೋವು ಶುರುವಾಗುತ್ತದಂತೆ. ನೋವಿಗೆ ಗುಳಿಗೆ, ಗುಳಿಗೆಗೆ ನೋವು, ಗಾಣದ ಎತ್ತಿನ ಹಾಗೆ. ಇವಳು ಅಲ್ಲಿಗೆ ಮುಟ್ಟಿರಲಿಲ್ಲ, ದಾರಿಯಲ್ಲಿದ್ದಳು. ಮಕ್ಕಳಿಗೆ ಆಸ್ಪಿರಿನ್ ಅನ್ನಂತೂ ವೈದ್ಯರು ಹೇಳದೆ ಕೊಡಲೇಬಾರದು.

ಗೋಡೆಯ ಕ್ಯಾಲೆಂಡರಿನಲ್ಲಿ ತಲೆನೋವು ಬಂದ ದಿನಕ್ಕೊಂದು ಚುಕ್ಕೆ ಇಡಲು ಹೇಳಿದರು. ಪಕ್ಕದಲ್ಲಿ ಆ ದಿನ ತಿಂದದ್ದು, ಮಲಗಿದ ಹೊತ್ತು. ತಿಂಗಳ ಕೊನೆಗೆ ನೋಡಿದರೆ ಚುಕ್ಕೆಗಳೆಲ್ಲ ಮಂಗಳವಾರ, ಶುಕ್ರವಾರದ ಸುತ್ತಲೇ! ಆ ಎರಡು ದಿನ ಟ್ಯೂಷನ್‌ನಲ್ಲಿ ಅಂಕಗಳನ್ನು ಎಲ್ಲರೆದುರು ಗಟ್ಟಿಯಾಗಿ ಓದುತ್ತಿದ್ದರಂತೆ. ಹಿಂದಿನ ರಾತ್ರಿ ಹನ್ನೆರಡರವರೆಗೆ ಓದು, ಬೆಳಿಗ್ಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇಷ್ಟನ್ನು ಹೇಳಲು ಅವಳಿಗೆ ಕ್ಯಾಲೆಂಡರ್ ಬೇಕಾಯಿತು. ನಾನು ಹೋಗಿ ಮಾತಾಡಿದೆ. ಈಗ ಅಂಕಗಳನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ. ರಾತ್ರಿ ಹತ್ತಕ್ಕೆ ದೀಪ ಆರಿಸುತ್ತೇವೆ. ಒಂದು ಮೊಸರು-ರೊಟ್ಟಿಯನ್ನಾದರೂ ತಿನ್ನದೆ ಹೊಸ್ತಿಲು ದಾಟುವಂತಿಲ್ಲ. ಬಿಸಿಲೂರು ನಮ್ಮದು, ನೀರಿನ ಬಾಟಲಿ ಖಾಲಿಯಾಗಿ ಮನೆಗೆ ಬರಬೇಕು.

ಕೆಲವು ತಲೆನೋವಿಗೆ ಮಾತ್ರ ಕ್ಯಾಲೆಂಡರ್ ನೋಡುತ್ತ ಕೂರಬಾರದು. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ಭಾರೀ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಮಾತು ತೊದಲುವುದು, ಕೈಕಾಲಿನ ಶಕ್ತಿ ಹೋಗುವುದು, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು: ಇವಕ್ಕೆ ಕೂಡಲೇ ಆಸ್ಪತ್ರೆ. ಮಗು ನೋವಿನಿಂದ ನಿದ್ದೆಯಲ್ಲೇ ಎದ್ದರೆ, ಬೆಳಗಿನ ಜಾವ ವಾಂತಿ ಮಾಡಿಕೊಳ್ಳುತ್ತಿದ್ದರೆ ಆಗಲೂ ತಡಮಾಡಬೇಡಿ.

ಇನ್ನು ನಮ್ಮ ವಯಸ್ಸಿನವರ ಮಾತು. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವನ್ನು ತೋರಿಸಿಕೊಳ್ಳಲೇಬೇಕು. ಇದನ್ನು ವೈದ್ಯರು ಹೇಳುವಾಗ ಮೊಮ್ಮಗಳು ಗಮನವಿಟ್ಟು ಕೇಳಿದ್ದಳು. ಒಂದು ಸಂಜೆ ನಾನು ಕಪಾಳ ತಿಕ್ಕುತ್ತ ಕೂತದ್ದನ್ನು ಕಂಡು ವಿಚಾರಣೆ ಶುರುಮಾಡಿದಳು. “ರೊಟ್ಟಿ ಅಗಿಯುವಾಗ ದವಡಿ ನೋಯತೈತೇನು? ಕಣ್ಣು ಮಂಜಾಗತೈತೇನು? ಬಾಚಣಿಕಿ ತಾಗಿದ್ರ ತಲಿ ನೋಯತೈತೇನು?” ಯಾವುದೂ ಇಲ್ಲ ಎಂದರೂ ಬಿಡಲಿಲ್ಲ. ಈ ಲಕ್ಷಣಗಳಿದ್ದರೆ ಕಪಾಳದ ರಕ್ತನಾಳ ಊದಿಕೊಂಡಿರಬಹುದು, ತಡವಾದರೆ ದೃಷ್ಟಿಯೇ ಹೋಗಬಹುದು ಎಂಬುದು ಅವಳಿಗೆ ನೆನಪಿತ್ತು. ನಾನು ಬಿ.ಪಿ. ಇರಬೇಕು ಎಂದೆ. ಬಿ.ಪಿ. ಏರಿದರೆ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ, ಅಳೆದೇ ನೋಡಬೇಕು ಎಂದು ನನಗೇ ಪಾಠ ಹೇಳಿ ಕರೆದುಕೊಂಡು ಹೋದಳು.

ರಕ್ತ ಪರೀಕ್ಷೆಯಾಯಿತು, ಬಿ.ಪಿ. ಅಳೆದದ್ದೂ ಆಯಿತು. ಎರಡೂ ಸರಿಯಿದ್ದವು. ತಪ್ಪಿದ್ದು ಮಂಚದ ಮೇಲಿನ ಎರಡು ದಿಂಬಿನದು ಮತ್ತು ಅವುಗಳಿಗೆ ಒರಗಿ, ಕುತ್ತಿಗೆ ಮುರಿದು ನಾನು ನೋಡುತ್ತಿದ್ದ ಮೊಬೈಲಿನದು.

ಈಗ ಕ್ಯಾಲೆಂಡರಿನ ಮೊಳೆಗೆ ಎರಡು ಪೆನ್ನು ತೂಗುಬಿಟ್ಟಿದ್ದಾಳೆ, ನೀಲಿ ಅವಳದು, ಕೆಂಪು ನನ್ನದು. ಈ ತಿಂಗಳು ನೀಲಿ ಚುಕ್ಕೆ ಎರಡು, ಕೆಂಪು ಮೂರು. ಒಂದು ದಿಂಬನ್ನು ಅವಳು ಅಟ್ಟಕ್ಕೆ ಒಯ್ದಿಟ್ಟಿದ್ದಾಳೆ. ನನಗೆ ಅಟ್ಟ ಹತ್ತಲು ಬರುವುದಿಲ್ಲ ಎಂದು ಅವಳಿಗೆ ಗೊತ್ತು.