ಮೂರು ಕಡಲುಗಳ ನಡುವಣ ಸಹಕಾರ

ಬಾಲ್ಟಿಕ್, ಏಡ್ರಿಯಾಟಿಕ್, ಕಪ್ಪು ಸಮುದ್ರಗಳ ನಡುವಣ ರಾಷ್ಟ್ರಗಳಲ್ಲಿ ರೈಲುಹಾದಿಗಳೂ ಅನಿಲದ ಕೊಳವೆಗಳೂ ಬಹುಮಟ್ಟಿಗೆ ಪೂರ್ವಪಶ್ಚಿಮವಾಗಿಯೇ ಹಬ್ಬಿದ್ದುವು. ಉತ್ತರದಕ್ಷಿಣದ ನೆರೆಹೊರೆಯವರೊಳಗೆ ಸಂಪರ್ಕವು ವಿರಳವಾಗಿತ್ತು. ಈ ಕೊರತೆಯನ್ನು ನೀಗಲೆಂದು 2016ರಲ್ಲಿ ಹನ್ನೆರಡು ರಾಷ್ಟ್ರಗಳು ದುಬ್ರೋವ್ನಿಕ್ ನಗರದಲ್ಲಿ ಸಭೆ ಸೇರಿದುವು; 2023ರಲ್ಲಿ ಗ್ರೀಸ್ ಹದಿಮೂರನೆಯದಾಯಿತು. 2021ರಲ್ಲಿ ಕ್ರೊಯೇಷಿಯದ ಕ್ರ್ಕ್ ದ್ವೀಪದಲ್ಲಿ, ಹಡಗಿನಲ್ಲಿ ಬರುವ ದ್ರವೀಕೃತ ಅನಿಲವನ್ನು ಇಳಿಸುವ ನಿಲ್ದಾಣವು ಕಾರ್ಯಾರಂಭ ಮಾಡಿತು. 2025ರ ಫೆಬ್ರವರಿಯಲ್ಲಿ ಎಸ್ಟೋನಿಯ, ಲಾಟ್ವಿಯ, ಲಿಥುವೇನಿಯಗಳು ರಷ್ಯದ ವಿದ್ಯುಜ್ಜಾಲದಿಂದ ಬಿಡಿಸಿಕೊಂಡು, ಪೋಲೆಂಡಿನ ಮೂಲಕ ಯೂರೋಪಿನ ಜಾಲವನ್ನು ಸೇರಿದುವು.

ರೈಲಿನ ಕಾರ್ಯವು ಇನ್ನೂ ಕಠಿನ. ಆ ಮೂರು ನಾಡುಗಳ ಹಳಿಗಳ ಅಂತರ ಪ್ರಧಾನವಾಗಿ 1520 ಮಿಲಿಮೀಟರು, ಪೋಲೆಂಡಿನದು 1435. ಆದುದರಿಂದ ತಾಲಿನ್ನಿನಿಂದ ಪೋಲೆಂಡಿನವರೆಗೆ ಹೊಸ ಮಾರ್ಗವನ್ನೇ ನಿರ್ಮಿಸಲಾಗುತ್ತಿದೆ. ವೆಚ್ಚವೇನೋ ಅಪಾರ. ಆದರೆ ಒಬ್ಬನೇ ಮಾರಾಟಗಾರನನ್ನು ನೆಚ್ಚಿದ ಗ್ರಾಹಕನು ಹಣವನ್ನಷ್ಟೇ ಅಲ್ಲ, ಸ್ವಾತಂತ್ರ್ಯವನ್ನೂ ತೆರಬೇಕಾದೀತೆಂಬುದನ್ನು ಬಾಲ್ಟಿಕ್ ರಾಷ್ಟ್ರಗಳು ಅರಿತಿವೆ.